ಅಕ್ಕನ ಕಾರಿಗೆ ಹಳೆಯ ಬ್ರೇಕು

ಮ್ಯಾಂಚೆಸ್ಟರ್, ಇಳಿದ ದಿನ

ಬನಹಟ್ಟಿಯಲ್ಲಿ ಮೂವತ್ತೈದು ವರ್ಷದಿಂದ ಪಾವರ್‌ಲೂಮ್ ರಿಪೇರಿ ಮಾಡಿಕೊಂಡು, ರಬಕವಿ ದಾಟಿದರೆ ಜಮಖಂಡಿ, ಜಮಖಂಡಿ ದಾಟಿದರೆ ವಿಜಯಪುರ ಎಂದುಕೊಂಡಿದ್ದ ನನ್ನನ್ನು ಇಂಗ್ಲೆಂಡಿನವರೆಗೆ ಎಳೆದುಕೊಂಡು ಹೋದದ್ದು ಒಂದು ಕಾರು. ನಾನು ಹೊರಟಾಗ ಅದಿನ್ನೂ ಕಾರಾಗಿರಲಿಲ್ಲ. ನಮ್ಮ ಅಕ್ಕ ಮಹಾದೇವಿಯ ಗ್ಯಾರೇಜಿನಲ್ಲಿ ಕೈ ಒಂದು ಕಡೆ, ಕಾಲು ಒಂದು ಕಡೆ ಬಿದ್ದುಕೊಂಡಿತ್ತು.

ಅಕ್ಕನಿಗೆ ಈಗ ಅರವತ್ತಮೂರು. ಮಿರಜದಲ್ಲಿ ನರ್ಸಿಂಗ್ ಕಲಿತು ಮೊದಲು ಮಸ್ಕತ್ತಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋದವಳು. ಮದುವೆ ಬೇಡ ಎಂದಳು, ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ ಫೋನ್ ಮಾಡಿದಳು.

"ಈರ್ಯಾ, ನಾ ಒಂದು ಕಾರ್ ಮಾಡಾಕತ್ತೇನಿ."

"ತಗೊಳ್ಳಾಕತ್ತೇನಿ ಅನ್ನು ಬೇ ಅಕ್ಕಾ."

"ತಗೊಳ್ಳೂದಲ್ಲೋ, ಮಾಡೂದು. ನಟ್ ಬೋಲ್ಟ್ ಹಚ್ಚಿ ಮಾಡೂದು. ಮೇ ತಿಂಗಳಿಗೆ ಮುಗೀತೈತಿ. ಅವ್ವ ಅಪ್ಪ ಅಂತೂ ಇಲ್ಲ. ಮನಿಯವರು ಅಂತ ನೀನರ ಬಾ."

ಕಾರು ಮಾಡುವುದೆಂದರೆ ಏನೆಂದು ನನಗೆ ತಿಳಿಯಲೇ ಇಲ್ಲ. ಮುಧೋಳದ ಲೇಥ್ ಅಂಗಡಿಗಳಲ್ಲಿ ಕಬ್ಬಿನ ಟ್ರೇಲರ್ ಮಾಡುವುದನ್ನು ನೋಡಿದ್ದೇನೆ. ಆದರೆ ನರ್ಸಮ್ಮನೊಬ್ಬಳು ಮನೆಯಲ್ಲಿ ಕುಳಿತು ಕಾರು ಮಾಡುವುದೆಂದರೆ? ಹೆಂಡತಿಯ ಹತ್ತಿರ ಹೇಳಿದೆ. ಅವಳು, "ಹೋಗಿ ನೋಡಿ ಬರ್ರಿ, ತಲಿ ಗಿಲಿ ಕೆಟ್ಟೈತೇನ" ಎಂದಳು.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಮೇಲೆ ಎರಡು ಧೋತರ, ಅದರ ಕೆಳಗೆಲ್ಲ ಕಬ್ಬಿಣ. ಅರ, ಸುತ್ತಿಗೆ, ನಟ್ಟು ತಿರುಗಿಸುವ ನಾಲ್ಕು ಪಾನಾ, ಸಂದಿ ಅಳೆಯುವ ತೆಳು ಪಟ್ಟಿಗಳ ಗೊಂಚಲು. ಆ ಅಧಿಕಾರಿ ಹೆಣ್ಣುಮಗಳು ಪಟ್ಟಿಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ನನ್ನ ಮುಖ ನೋಡಿದಳು. "ಸಿಸ್ಟರ್, ಕಾರ್, ಮೇಕಿಂಗ್" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಆಕೆ ಯಾವ ಕಾರು, ಇಂಜಿನ್ ಹೊಸದೋ ಹಳೆಯದೋ ಎಂದು ವಿಚಾರಿಸಿ, ತನ್ನ ಅಪ್ಪನೂ ಒಂದು ಮಾಡಿದ್ದನೆಂದು ಹೇಳಿ, ಚೀಲವನ್ನು ತಾನೇ ಮಡಿಚಿ ಕೊಟ್ಟಳು. ಈ ದೇಶದಲ್ಲಿ ಹುಚ್ಚರು ನಮ್ಮಕ್ಕ ಒಬ್ಬಳೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಹೊರಗೆ ಅಕ್ಕನ ಜೊತೆ ಅವಳ ಓಣಿಯ ಕೊನೆಯ ಮನೆಯ ಕೀತ್ ಬಂದಿದ್ದ. ಬಸ್ ಓಡಿಸಿ ನಿವೃತ್ತನಾದ ಎಪ್ಪತ್ತರ ಮನುಷ್ಯ. ಒಂದು ತಾಸಿನ ದಾರಿಯಲ್ಲಿ ಅವನು ಮೂರು ಮಾತು ಆಡಿದ, ಹಾರ್ನ್ ಒಂದು ಸಲವೂ ಒತ್ತಲಿಲ್ಲ. ಅಷ್ಟೊಂದು ಗಾಡಿಗಳು, ಅಷ್ಟು ಜೋರು, ಒಂದೂ ಹಾರ್ನ್ ಇಲ್ಲ. ಲೋಕಾಪುರ ಕ್ರಾಸ್ ದಾಟುವಷ್ಟರಲ್ಲಿ ನಾವು ಒತ್ತುವ ಹಾರ್ನನ್ನು ಇವರು ವರ್ಷಪೂರ್ತಿ ಇಟ್ಟುಕೊಂಡು ಬಳಸುತ್ತಾರೇನೋ.

ಬರ್ನ್ಲಿ ಹತ್ತಿರ, ಗ್ಯಾರೇಜು

ಅಕ್ಕನ ಮನೆ ಬರ್ನ್ಲಿ ಎಂಬ ಊರಿನ ಅಂಚಿನಲ್ಲಿ, ಇಳಿಜಾರಾದ ಒಂದು ಓಣಿಯಲ್ಲಿದೆ. ಓಣಿ ಕೆಳಗೆ ಹೋಗಿ ಕೀತ್‌ನ ಬೇಲಿಗೆ ಮುಗಿಯುತ್ತದೆ. ಮನೆಗೆ ಅಂಟಿಕೊಂಡೇ ಗ್ಯಾರೇಜು. ಅದರ ಬಾಗಿಲು ಎತ್ತಿದಾಗ ನಾನು ಚಪ್ಪಲಿ ಹೊರಗೆ ಬಿಟ್ಟೆ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ನಡುವೆ ಉಕ್ಕಿನ ಕೊಳವೆಗಳ ಚೌಕಟ್ಟು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಇಂಜಿನ್ ಕೂತಿದೆ, ಗೇರ್‌ಬಾಕ್ಸ್ ಕೂತಿದೆ, ಮೈ ಇನ್ನೂ ಗೋಡೆಗೆ ಆನಿಸಿಟ್ಟಿದೆ. ಎರಡು ಸೀಟು, ತಲೆಯ ಮೇಲೆ ಸೂರಿಲ್ಲ. ಎರಡು ಗೋಡೆಗೂ ಕಪಾಟು. ಕಪಾಟಿನ ತುಂಬ ಐಸ್‌ಕ್ರೀಮಿನ ಖಾಲಿ ಡಬ್ಬಿಗಳು, ಪ್ರತಿಯೊಂದರ ಮೇಲೂ ಕನ್ನಡದಲ್ಲಿ ಚೀಟಿ. 'ಮುಂದಿನ ಎಡಗಾಲಿ', 'ಸ್ಟೇರಿಂಗ್ ಬುಡದ ನಟ್ಟು', 'ಏನೋ ಗೊತ್ತಿಲ್ಲ, ಒಗೀಬ್ಯಾಡ'. ಬಲಗಡೆಯ ಕಪಾಟಿಗೆ 'ಹೊಸಾದು' ಎಂದು ಹೆಸರು, ಎಡಗಡೆಯದಕ್ಕೆ 'ಹಳೇದು'. ನಲವತ್ತು ವರ್ಷ ಪರದೇಶದಲ್ಲಿದ್ದವಳು ನಟ್ಟು ಬೋಲ್ಟಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದಾಳಲ್ಲ ಎಂದು ಒಂದೊಂದು ಚೀಟಿಯನ್ನೂ ಓದುತ್ತ ಹೋದೆ.

ಇಲ್ಲಿ ಕಾರನ್ನು ಬಿಡಿ ಭಾಗಗಳ ಕಟ್ಟಾಗಿ ಮಾರುವವರಿದ್ದಾರೆ. ಚೌಕಟ್ಟು, ಮೈ, ಒಂದು ದಪ್ಪ ಪುಸ್ತಕ ಕೊಡುತ್ತಾರೆ. ಇಂಜಿನ್, ಗಾಲಿ, ಸ್ಟೇರಿಂಗು, ಬ್ರೇಕು ಎಲ್ಲ ನಿಮ್ಮದು. ಹೊಸದು ತರುತ್ತೀರೋ ಹಳೆಯದು ಹುಡುಕುತ್ತೀರೋ ನಿಮ್ಮಿಷ್ಟ. ಆದರೆ ಅಲ್ಲೊಂದು ಕಾನೂನಿದೆ, ಅದನ್ನು ಕೇಳಿ ನಾನು ಬಾಯಿ ಬಿಟ್ಟುಕೊಂಡು ಕೂತೆ. ಎಲ್ಲ ಹೊಸ ಭಾಗ ಹಾಕಿದರೆ ಕಾರು ಈ ವರ್ಷ ಹುಟ್ಟಿದ್ದು. ಹೊಸ ಚೌಕಟ್ಟಿಗೆ ಒಂದೇ ಹಳೆಯ ಕಾರಿನ ಮುಖ್ಯ ಭಾಗಗಳನ್ನು ಹಾಕಿದರೆ ಆ ಹಳೆಯ ಕಾರಿನ ವಯಸ್ಸೇ ಇದಕ್ಕೂ ಬರುತ್ತದೆ. ನಾಲ್ಕು ಕಾರಿನದು ಕಲಸಿದರೆ ವಯಸ್ಸೇ ಇಲ್ಲದ ನಂಬರು ಕೊಡುತ್ತಾರೆ. ಮನುಷ್ಯರಿಗೂ ಇಷ್ಟು ಯೋಚಿಸಿ ಹುಟ್ಟಿದ ದಿನ ಬರೆಯುವುದಿಲ್ಲ. ನನ್ನದನ್ನು ಸಾಲಿ ಮಾಸ್ತರರು ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ.

ಅಕ್ಕ ಹಾಕಿದ್ದು ಅವಳದೇ ಹಳೆಯ ಕಾರಿನ ಭಾಗ. ಹದಿನೆಂಟು ವರ್ಷ ಆಸ್ಪತ್ರೆಗೆ ಓಡಾಡಿದ ಜಪಾನಿನ ಕೆಂಪು ಕಾರು. ತಳವೆಲ್ಲ ತುಕ್ಕು ಹಿಡಿದು ಹೋಗಿತ್ತಂತೆ, ಇಂಜಿನ್ ಮಾತ್ರ ಗಟ್ಟಿ.

"ಮಗ್ಗದಾಗ ಹಾಸು ಮುಗದಾಗ ಏನ ಮಾಡತೀವಿ? ಹಳೇ ಎಳೀ ತುದಿಗೆ ಹೊಸಾ ಎಳಿ ಕೆಚ್ಚತೀವಿ. ಪೂರಾ ಕಡದು ಒಗ್ಯೂದಿಲ್ಲ. ಹಂಗ ಇದು" ಎಂದಳು.

ಮಗ್ಗದ ಮಾತು ಬಂದ ಮೇಲೆ ನಾನು ಸುಮ್ಮನಿರುವವನೇ? "ಹಂಗಾರ ಎಲ್ಲಾ ಹಳೇದ ಹಾಕು. ಒಂದು ಹೊಸಾ ಗೇರ್ ತಂದು ಹಳೇದರ ಕೂಡ ಹಚ್ಚಿದ್ರ ಎರಡೂ ಹಾಳ. ಕೂಡಿ ಸವದದ್ದು ಕೂಡೇ ಇರಬೇಕು. ನಮ್ಮ ಕಸಬಿನಾಗ ಅದ ಮೊದಲನೇ ಪಾಠ."

"ನಮ್ಮ ಕಸಬಿನಾಗ ಬ್ಯಾರೇ ಐತಿ. ಓಡಸೂದು ಹಳೇದಿದ್ರ ನಡೀತೈತಿ. ತಿರಗಸೂದು, ನಿಂದರಸೂದು ಹೊಸಾದ ಬೇಕು. ಇಂಜಿನ್ ಕೆಟ್ರ ದಾರ್ಯಾಗ ನಿಂದರತೀನಿ. ಬ್ರೇಕ್ ಕೆಟ್ರ ನನ್ನ ಆಸ್ಪತ್ರಿಗೆ ನಾನ ಹೋಗಿ ಮಲಗತೀನಿ."

ನರ್ಸಿನ ಲೆಕ್ಕ. ನನಗೆ ಒಪ್ಪಿಗೆಯಾಗಲಿಲ್ಲ.

ನಾನು ಬಂದದ್ದು ಮೂರು ವಾರಕ್ಕೆ. ಹೊರಡುವ ಹಿಂದಿನ ದಿನ, ಮಂಗಳವಾರ, ಸರ್ಕಾರದವರ ತಪಾಸಣೆ. ಅದರಲ್ಲಿ ಪಾಸಾದರಷ್ಟೇ ಕಾರು ರಸ್ತೆಗೆ. ತಪ್ಪಿದರೆ ಮುಂದಿನ ಸರದಿ ಎರಡು ತಿಂಗಳ ಮೇಲೆ. ಆಗ ನಾನು ಬನಹಟ್ಟಿಯಲ್ಲಿ ಯಾರದೋ ಮಗ್ಗದ ಕೆಳಗೆ ಮಲಗಿರುತ್ತೇನೆ, ಅಕ್ಕ ಒಬ್ಬಳೇ ಓಡಿಸುತ್ತಾಳೆ. ಅದು ಆಗಕೂಡದು ಎಂದು ಇಬ್ಬರಿಗೂ ಹಟ.

ಗುಜರಿಯ ಅಂಗಳ

ವೈಪರ್ ಮೋಟರು ಬೇಕಿತ್ತು. ಅಕ್ಕ ನನ್ನನ್ನು ಗುಜರಿಗೆ ಕರೆದುಕೊಂಡು ಹೋದಳು. ಗುಜರಿ ಎಂದರೆ ಎಣ್ಣೆ, ಕೆಸರು, ಕೂಗಾಟ ಎಂದುಕೊಂಡು ಹಳೆಯ ಅಂಗಿ ಹಾಕಿಕೊಂಡು ಹೋದರೆ, ಅಲ್ಲಿ ಹೊಳೆಯುವ ಜಾಕೀಟು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಒಳಗೆ ಬಿಟ್ಟರು. ಕಾರುಗಳು ಸಾಲು ಸಾಲಾಗಿ ನಿಂತಿದ್ದವು. ಪ್ರತಿ ಕಾರಿನ ಗಾಜಿಗೂ ಒಂದು ಕಾಗದ, ಅದು ಯಾಕೆ ಇಲ್ಲಿಗೆ ಬಂತು ಎಂದು. 'ಹಿಂದಿನಿಂದ ಗುದ್ದಿದ್ದು.' 'ನೀರಿನಲ್ಲಿ ನಿಂತಿದ್ದು.' 'ಯಜಮಾನ ತೀರಿಕೊಂಡ, ಕಾರು ಚೆನ್ನಾಗಿದೆ.' ಅಕ್ಕ ಓದಿ ಹೇಳುತ್ತಿದ್ದಳು, ನಾನು ಒಂದೊಂದರ ಮುಂದೆಯೂ ನಿಲ್ಲುತ್ತಿದ್ದೆ. ಜಮಖಂಡಿಯಲ್ಲಿ ನಾನು ಹಳೆಯ ಸಾಮಾನು ತರುವ ಅಂಗಡಿಯವನು ಎಂಥದ್ದನ್ನು ಕೈಗೆ ಕೊಟ್ಟರೂ "ಹೊಸಾದಕ್ಕಿಂತ ಛಲೋ ಐತಿ, ಕಣ್ಣ ಮುಚ್ಚಿ ಒಯ್ಯಿರಿ" ಎನ್ನುತ್ತಾನೆ. ಕಣ್ಣು ಮುಚ್ಚಿ ಒಯ್ದು, ಕಣ್ಣು ಬಿಟ್ಟು ಜಗಳಕ್ಕೆ ಹೋಗುತ್ತೇನೆ. ಇಲ್ಲಿ ಜಗಳಕ್ಕೆ ಅವಕಾಶವೇ ಇಲ್ಲ.

ಅಂಗಳದ ಯಜಮಾನಿ ಐವತ್ತರ ಗಟ್ಟಿ ಹೆಂಗಸು. ಅವಳ ಕಾಲ ಹತ್ತಿರ ಒಂದು ನಾಯಿ. ಉದ್ದ ಮೂತಿ, ಬಿಗಿದ ಹೊಟ್ಟೆ, ತೆಳು ಕಾಲು. ಮುಧೋಳದಿಂದ ತಪ್ಪಿಸಿಕೊಂಡು ಬಂದದ್ದೇ ಇರಬೇಕು ಎಂದು ನಾನು "ಬಾ ಬಾ" ಎಂದೆ, ಬಂತು ಕೂಡ.

ನಾನು ಮೋಟರನ್ನು ಕಿವಿಗೆ ಹಿಡಿದು ತಿರುಗಿಸಿ ಕೇಳುತ್ತಿದ್ದಾಗ ಯಜಮಾನಿ ಹತ್ತಿರ ಬಂದು ನಿಂತಳು. ಒಂದು ಬೇಡವೆಂದೆ, ಎರಡನೆಯದು ಬೇಡವೆಂದೆ, ಮೂರನೆಯದು ಸರಿ ಎಂದೆ. ಅವಳು ಬ್ಯಾಟರಿಗೆ ಹಚ್ಚಿ ಮೂರನ್ನೂ ನೋಡಿದಳು. ಮೊದಲೆರಡು ಕುಂಟಿದವು. ಅವಳು ಅಕ್ಕನಿಗೆ ಏನೋ ಹೇಳಿದಳು.

"ಏನಂದ್ಲ?"

"ನಿನ್ನ ಕಿವಿ ಮಾರತೀಯೇನ ಅಂತ ಕೇಳಾಕತ್ತಾಳ" ಎಂದಳು ಅಕ್ಕ.

ಮರಳಿ ಬರುವಾಗ ನನ್ನ ಎದೆ ಉಬ್ಬಿತ್ತು. ನಿಜ ಹೇಳಬೇಕೆಂದರೆ, ಅಲ್ಲಿಂದಲೇ ನಾನು ಹದ್ದು ಮೀರಿದ್ದು. ಅಕ್ಕ ಒಂದು ಬೋಲ್ಟು ಬಿಗಿಯಲು ಹೊರಟರೆ "ತಾ ಇಲ್ಲಿ" ಎಂದು ಪಾನಾ ಇಸಿದುಕೊಳ್ಳುತ್ತಿದ್ದೆ. ಅವಳು ಪುಸ್ತಕ ನೋಡಿ ಇಷ್ಟೇ ಬಿಗಿಯಬೇಕು ಎಂದು ಅಳತೆಯ ಪಾನಾ ಹಿಡಿದರೆ, ನಾನು "ಕೈಗೇ ಗೊತ್ತಾಕ್ಕೈತಿ ಬೇ" ಎನ್ನುತ್ತಿದ್ದೆ. ಅವಳು ಸುಮ್ಮನೆ ನಾನು ಬಿಗಿದದ್ದನ್ನು ಸಡಿಲಿಸಿ, ಮತ್ತೆ ಅಳತೆಗೆ ಬಿಗಿಯುತ್ತಿದ್ದಳು.

ಮಿಲ್ಲು

ಎರಡನೆಯ ವಾರ ಒಂದು ದಿನ ಬಿಡುವು ಮಾಡಿಕೊಂಡು ಹಳೆಯ ಬಟ್ಟೆ ಮಿಲ್ಲೊಂದನ್ನು ನೋಡಲು ಹೋದೆವು. ಈಗ ಅದು ವಸ್ತುಸಂಗ್ರಹಾಲಯ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಣ್ಣು ಹರಿದಷ್ಟು ದೂರ ಮಗ್ಗಗಳು. ಎಲ್ಲವೂ ನನಗೆ ಗೊತ್ತಿರುವವೇ. ಅದೇ ಪಕ್ಕದ ಕಟ್ಟು, ಅದೇ ಹಲ್ಲುಗಾಲಿ, ಲಾಳಿ ಹೊಡೆಯುವ ಅದೇ ಕೋಲು. ನಮ್ಮ ಓಣಿಯಲ್ಲಿ ನಾನು ದಿನವೂ ಬಯ್ದುಕೊಂಡು ರಿಪೇರಿ ಮಾಡುವ ಮಗ್ಗಗಳ ಮುತ್ತಜ್ಜಂದಿರು ಇವರು, ನೂರು ವರ್ಷ ದಾಟಿದವರು. ನಾನು ಒಂದರ ಕಬ್ಬಿಣ ಮುಟ್ಟಿ ನಮಸ್ಕಾರ ಮಾಡಿದೆ. ಅಲ್ಲಿದ್ದ ಶಾಲೆಯ ಮಕ್ಕಳು ನೋಡಿದರು. ನೋಡಲಿ.

ತೋರಿಸುವ ಮುದುಕ ನಾಲ್ಕು ಮಗ್ಗ ಚಾಲೂ ಮಾಡಿದ. ಆ ಸದ್ದು ಕಿವಿಗೆ ಬಿದ್ದೊಡನೆ ಅಕ್ಕ ನನ್ನ ಕೈ ಹಿಡಿದುಕೊಂಡಳು.

ಇಲ್ಲಿ ಮಗ್ಗ ನಡೆಸುತ್ತಿದ್ದವರು ಬಹಳ ಮಂದಿ ಹೆಂಗಸರೇ ಎಂದು ಮುದುಕ ಹೇಳಿದ. ಅವನ ತಾಯಿ ಒಬ್ಬಳೇ ಆರು ಮಗ್ಗ ನೋಡಿಕೊಳ್ಳುತ್ತಿದ್ದಳಂತೆ. ಅಕ್ಕ ಏನೋ ಕೇಳಿದಳು, ಅವನು ತಲೆಯಲ್ಲಾಡಿಸಿ ನಕ್ಕ.

"ರಿಪೇರಿ ಮಾಡೋ ಹೆಂಗಸರು ಇದ್ರೇನ್ರಿ ಅಂತ ಕೇಳಿದ್ನಿ. ಒಬ್ಬಾಕಿನೂ ಇರಲಿಲ್ಲಂತ. ಪಾನಾ ಗಂಡಸರ ಕೈಯಾಗ ಅಂತ. ನಮ್ಮಪ್ಪ ಇಲ್ಲಿಂದನ ಕಲತಬಂದಿದ್ನೋ ಏನೋ."

ನಾನು ನಕ್ಕೆ, ಆದರೆ ಅವಳು ನಗಲಿಲ್ಲ. ನಮ್ಮಪ್ಪ ಅಕ್ಕನನ್ನು ನೂಲಿನ ಕಂಡಿಕೆ ಸುತ್ತಲು ಕೂರಿಸಿ, ಅವಳಿಗಿಂತ ಆರು ವರ್ಷ ಸಣ್ಣವನಾದ ನನಗೆ ಪಾನಾ ಕೊಟ್ಟದ್ದು ನೆನಪಿದೆ. ಮಗ್ಗ ಎಲ್ಲಿ ಕೆಟ್ಟಿದೆ ಎಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಕಂಡಿಕೆ ಸುತ್ತುತ್ತ ಕಣ್ಸನ್ನೆ ಮಾಡುತ್ತಿದ್ದಳು, ನಾನು ಅಲ್ಲಿ ಪಾನಾ ಹಚ್ಚಿ ಅಪ್ಪನ ಶಾಭಾಸ್‌ಗಿರಿ ತೆಗೆದುಕೊಳ್ಳುತ್ತಿದ್ದೆ. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅಮಾವಾಸ್ಯೆ

ಮೂರನೆಯ ವಾರದ ಗುರುವಾರ ಅಮಾವಾಸ್ಯೆ. ನಮ್ಮಲ್ಲಿ ಆ ದಿನ ಮಗ್ಗಕ್ಕೆ ರಜೆ. ಧೂಳು ಝಾಡಿಸಿ, ಬತ್ತಲೆ ಕಬ್ಬಿಣಕ್ಕೆಲ್ಲ ಎಣ್ಣೆಯ ಕೈ ಆಡಿಸಿ, ಊದುಬತ್ತಿ ಹಚ್ಚಿ ಬಾಗಿಲು ಹಾಕುತ್ತೇವೆ. ನಾನು ಮೂವತ್ತೈದು ವರ್ಷದಲ್ಲಿ ಒಂದು ಅಮಾವಾಸ್ಯೆಯನ್ನೂ ಬಿಟ್ಟಿಲ್ಲ.

ಬೆಳಿಗ್ಗೆ ಅಕ್ಕ ಪೇಟೆಗೆ ಹೋಗಿದ್ದಳು. ಹೊರಗೆ ಜಿಟಿಜಿಟಿ ಮಳೆ. ಗಾಲಿಗಳನ್ನು ಇನ್ನೂ ಹಾಕಿರಲಿಲ್ಲ. ನಾಲ್ಕೂ ಮೂಲೆಯಲ್ಲಿ ಹೊಸ ಉಕ್ಕಿನ ದುಂಡು ತಟ್ಟೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಪೊಟ್ಟಣ ಬಿಚ್ಚಿದಾಗ ಅವುಗಳ ಮೇಲೆ ತೆಳುವಾಗಿ ಎಣ್ಣೆಯಿತ್ತು, ಅಕ್ಕ ಅದನ್ನೆಲ್ಲ ಏನೋ ಹೊಡೆದು ಒರೆಸಿ ತೆಗೆದದ್ದನ್ನು ನಾನು ನೋಡಿದ್ದೆ. ಪಾಪ, ಕಬ್ಬಿಣದ ಸಂಗತಿ ಇವಳಿಗೇನು ಗೊತ್ತು, ಈ ಮಳೆಯ ದೇಶದಲ್ಲಿ ನಾಲ್ಕು ದಿನಕ್ಕೆ ತುಕ್ಕು ಹತ್ತುತ್ತದೆ ಎಂದುಕೊಂಡೆ. ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಸಿಕ್ಕಿತು. ಮೆತ್ತನೆಯ ಅರಿವೆಗೆ ಹಾಕಿ ನಾಲ್ಕೂ ತಟ್ಟೆಗೆ ಹಿಂದೆ ಮುಂದೆ, ಸಂದಿಗೊಂದಿಗೆಲ್ಲ ಹಚ್ಚಿದೆ. ತಿರುಗಿಸಿ ತಿರುಗಿಸಿ ಹಚ್ಚಿದೆ. ಊದುಬತ್ತಿಯನ್ನೂ ಹಚ್ಚಿದೆ. ಮನಸ್ಸು ತಣ್ಣಗಾಯಿತು.

ಅಕ್ಕ ಬಂದು ಮೂಗು ಎಳೆದು, "ಊದಿನಕಡ್ಡಿ ಹಚ್ಚೀಯೇನೋ, ಮನಿ ನೆನಪಾತು" ಎಂದಳು. ಎಣ್ಣೆಯ ವಿಷಯ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಗಾಲಿ ಹಾಕಿದೆವು.

ಶುಕ್ರವಾರ, ಇಳಿಜಾರು

ಕಾರು ಮೊದಲ ಸಲ ಬೆಳಕಿಗೆ ಬಂತು. ಗಾಢ ನೀಲಿ ಮೈ. ಓಣಿಯ ಮಂದಿ ಹೊರಗೆ ಬಂದು ನಿಂತರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಸಲಹೆ ಕೊಡಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಹತ್ತು ಮಂದಿ ಬಾನೆಟ್ ಒಳಗೆ ತಲೆ ಹಾಕಿರುತ್ತಿದ್ದರು. ಇವರು ಚಹಾದ ಕಪ್ಪು ಹಿಡಿದು ತಮ್ಮ ತಮ್ಮ ಗೇಟಿನೊಳಗೇ ನಿಂತು ತಲೆಯಲ್ಲಾಡಿಸಿದರು. ಈ ದೇಶದಲ್ಲಿ ಹೊಗಳಿಕೆ ಅಷ್ಟು ದೂರದಿಂದ ಬರುತ್ತದೆ.

ರಸ್ತೆಯಲ್ಲಿ ಓಡಿಸುವಂತಿರಲಿಲ್ಲ. ಇಂಜಿನ್ ಚಾಲೂ ಮಾಡದೆ ಓಣಿಯ ಇಳಿಜಾರಿನಲ್ಲಿ ನಾಲ್ಕು ಮಾರು ಬಿಟ್ಟು ಬ್ರೇಕು ನೋಡಬೇಕು ಎಂದು ಅಕ್ಕ ಒಬ್ಬಳೇ ಕೂತಳು. ಕಾರು ಮೆಲ್ಲಗೆ ಉರುಳಿತು. ಅವಳು ಬ್ರೇಕ್ ಒತ್ತಿದ್ದು ನನಗೆ ಕಾಣಿಸಿತು, ಭುಜ ಬಿಗಿಯಾಯಿತು. ಕಾರು ಹೋಗುತ್ತಲೇ ಇತ್ತು. "ಅಕ್ಕಾ!" ಎಂದು ಕೂಗಿ ಓಡಿದೆ. ಕೀತ್‌ನ ಮನೆಯ ಮುಂದಿನ ಕಸದ ದೊಡ್ಡ ಡಬ್ಬಿಗೆ ಗುದ್ದಿ, ಡಬ್ಬಿಯ ಸಮೇತ ಬೇಲಿಯೊಳಗೆ ಮೂತಿ ಹಾಕಿ ಕಾರು ನಿಂತಿತು.

ಅಕ್ಕನಿಗೆ ಏನೂ ಆಗಲಿಲ್ಲ. ಕಾರಿಗೂ ಒಂದು ಗೀರು ಅಷ್ಟೇ. ಕೀತ್ ಹೊರಬಂದು, ಚೆಲ್ಲಿದ ಕಸವನ್ನು ತುಂಬಿ, ನಮ್ಮ ಜೊತೆ ಕಾರನ್ನು ಮೇಲಕ್ಕೆ ನೂಕಿ, ಏನೂ ಕೇಳದೆ ಹೋದ. ಅವನು ಬಯ್ದಿದ್ದರೆ ಚೆನ್ನಾಗಿತ್ತು.

ಗ್ಯಾರೇಜಿನಲ್ಲಿ ಅಕ್ಕ ಎಲ್ಲವನ್ನೂ ತಪಾಸಣೆ ಮಾಡಿದಳು. "ಪೆಡಲ್ ಗಟ್ಟಿ ಐತಿ. ಒಳಗ ಗಾಳಿ ಇಲ್ಲ. ಎಲ್ಲೂ ಸೋರಿಲ್ಲ. ಮತ್ತ್ಯಾಕ ನಿಂದರಲಿಲ್ಲ?" ಪುಸ್ತಕದ ಹಾಳೆ ತಿರುವಿದಳು, ಮತ್ತೆ ತಿರುವಿದಳು. ಆಮೇಲೆ ಒಂದು ಬಕೆಟ್ ಬೋರಲು ಹಾಕಿ ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವ್ವ ಸತ್ತಾಗ ಒಮ್ಮೆ, ಈಗ ಒಮ್ಮೆ.

"ನಾ ಎಲ್ಲೋ ತಪ್ಪ ಮಾಡೀನಿ ಈರ್ಯಾ. ಅಪ್ಪ ಅಂತಿದ್ದ ನೋಡು, ಹೆಣ್ಣಮಕ್ಕಳ ಕೈಯಾಗ ಪಾನಾ ಕೊಟ್ರ ಮಗ್ಗ ಕುಂಟತಾವ ಅಂತ. ಖರೆ ಆತು."

ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಗಾಲಿಯ ಸಂದಿಯಿಂದ ಆ ತಟ್ಟೆ ಕಾಣುತ್ತಿತ್ತು, ಅದರ ಮೇಲೆ ಎಣ್ಣೆಯ ಮಿಂಚು. ಬ್ರೇಕ್ ಒತ್ತಿದರೆ ಎರಡು ಕಡೆಯಿಂದ ಪ್ಯಾಡಿನ ಗುಟಕಗಳು ಹಿಡಿಯುವುದು ಅದನ್ನೇ. ನನ್ನ ಹಳೆಯ ಬೈಕಿನ ಬ್ರೇಕು ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತದೆ. ಬತ್ತಲಾಗಿ ತಿರುಗುವ ಈ ತಟ್ಟೆಯೇ ಬ್ರೇಕು ಎಂದು ನನ್ನ ತಲೆಗೆ ಹೋಗಿರಲೇ ಇಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಬುಧವಾರ ನನ್ನ ವಿಮಾನ. ಕಂಪನಿಯವರದೇ ತಪ್ಪೆಂದು ಅವಳನ್ನು ಸಮಾಧಾನ ಮಾಡಬಹುದಿತ್ತು. ಒಂದು ಕ್ಷಣ ಹಾಗೆಂದುಕೊಂಡೆ ಕೂಡ, ನಾಚಿಕೆಯಾಗುತ್ತದೆ ಹೇಳಲು.

"ಅಕ್ಕಾ, ಎಣ್ಣಿ ನಾ ಹಚ್ಚೀನಿ."

"ಯಾವ ಎಣ್ಣಿ?"

"ಅಮಾಸಿ ಎಣ್ಣಿ. ನಾಕೂ ತಟ್ಟಿಗೆ. ತುಕ್ಕ ಹಿಡೀತಾವಂತ."

ಅವಳು ಎದ್ದು ಸಂದಿಯಲ್ಲಿ ಬೆರಳು ತೂರಿಸಿ, ತಟ್ಟೆಯ ಮೇಲೆ ಎಳೆದು, ಮೂಸಿ ನೋಡಿದಳು. "ಬ್ರೇಕಿಗೆ ಎಣ್ಣಿ ಹಚ್ಚಿದಿ? ಮಗ್ಗದ ಬ್ರೇಕಿನ ಚರ್ಮಕ್ಕ ಎಂದರ ಎಣ್ಣಿ ಹಚ್ಚೀಯೇನಲೇ?"

"ಇಲ್ಲ."

"ಹಳೇದ ಹಾಕಲಿ ಅಂತ ಬೇಕಂತನ ಮಾಡಿದೇನ?"

ಆ ಮಾತು ನನಗೆ ನಾಟಿತು. ಇಲ್ಲ ಎಂದೆ. ಅವ್ವನ ಆಣೆ ಇಲ್ಲ ಎಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಸಣ್ಣಾಂವ ಇದ್ದಾಗ ನನ್ನ ಕೈಯಾಗಿಂದು ಕಸಗೊಂಡಿ. ಇಲ್ಲಿ ಬಂದೂ ಅದನ್ನ ಮಾಡಿದಿ" ಎಂದು ಒಳಗೆ ಹೋದಳು.

ಶನಿವಾರ, ಭಾನುವಾರ

ತಟ್ಟೆಯನ್ನು ತೊಳೆಯಬಹುದು. ಗುಟಕಗಳು ಎಣ್ಣೆ ಕುಡಿದರೆ ಮುಗಿಯಿತು, ಒಗೆಯುವುದೇ. ಅಕ್ಕ ಬೆಳಿಗ್ಗೆಯೇ ಕಂಪನಿಗೆ ಫೋನ್ ಮಾಡಿದಳು. ಆ ಕಾರಿಗೆಂದೇ ಮಾಡಿದ ದೊಡ್ಡ ಬ್ರೇಕು ಅವು, ಅಂಗಡಿಯಲ್ಲಿ ಸಿಗುವುದಿಲ್ಲ. ಸೋಮವಾರ ದೇಶಕ್ಕೆಲ್ಲ ರಜೆ. ಬುಧವಾರ ಕಳಿಸುತ್ತೇವೆ ಎಂದರು. ತಪಾಸಣೆ ಮಂಗಳವಾರ, ಬುಧವಾರ ನಾನು ಆಕಾಶದಲ್ಲಿರುತ್ತೇನೆ.

ಅವಳು ಎಡಗಡೆಯ ಕಪಾಟಿನ ಮುಂದೆ ಹೋಗಿ ನಿಂತಳು. ಕೆಂಪು ಕಾರಿನ ಬ್ರೇಕುಗಳೆಲ್ಲ ಅಲ್ಲಿದ್ದವು, ತೊಳೆದು, ಒರೆಸಿ, ಗಾಲಿಗೊಂದು ಡಬ್ಬಿಯಂತೆ. ಚೌಕಟ್ಟಿಗೆ ಹಚ್ಚಿದ್ದ ಗಾಲಿಯ ತೋಳುಗಳೂ ಅದೇ ಕಾರಿನವಾದ್ದರಿಂದ ಸರಿಯಾಗಿ ಕೂರುತ್ತವೆ. ಹಳೆಯದರ ಪರವಾಗಿ ಮಾತಾಡುವ ಹಕ್ಕನ್ನು ನಾನು ಕಳೆದುಕೊಂಡಿದ್ದೆ.

ಅಕ್ಕ ಒಂದು ತಟ್ಟೆ ತೆಗೆದು ಅಳತೆಗೋಲು ಹಚ್ಚಿದಳು. ಎಷ್ಟು ಸವೆದರೆ ಒಗೆಯಬೇಕು ಎಂದು ತಟ್ಟೆಯ ಅಂಚಿನಲ್ಲೇ ಕೆತ್ತಿರುತ್ತಾರೆ. ಆರು ಕಡೆ ಅಳೆದಳು, ಬರೆದುಕೊಂಡಳು. ನಾಲ್ಕೂ ತಟ್ಟೆ ಅಳೆದಳು. ಗುಟಕಗಳನ್ನು ಅಳೆದಳು. ಒಂದು ತಾಸು ಹಿಡಿಯಿತು. ಆಮೇಲೆ ನನ್ನನ್ನು ಕರೆದಳು.

"ಬಾ ಇಲ್ಲಿ. ನಿನ್ನ ಕಿವಿ ಬ್ಯಾಡ, ಕಣ್ಣಿಲೆ ನೋಡು. ಏನಂತಿ?"

ಎಡ ಮುಂಗಾಲಿಯ ತಟ್ಟೆ, ಅದರ ಗುಟಕ. ತಟ್ಟೆಯಲ್ಲಿ ಕೂದಲೆಳೆಯಷ್ಟು ಮೂರು ಗೆರೆ, ಗುಟಕದಲ್ಲಿ ಅಲ್ಲಿಗಲ್ಲಿಗೇ ಮೂರು ಉಬ್ಬು. ಹದಿನೆಂಟು ವರ್ಷದ ಕಾರಿನಲ್ಲಿ ಕೊನೆಯ ಎರಡು ವರ್ಷ ಇವೆರಡೂ ಕೂಡಿಯೇ ಸವೆದಿದ್ದವಂತೆ. ಕೂಡಿಸಿ ಹಿಡಿದರೆ ಬೆಳಕೇ ದಾಟಲಿಲ್ಲ. "ಹೊಸಾ ತಟ್ಟಿ ತೊಳದು ಅದಕ್ಕ ಹಳೇ ಗುಟಕ ಹಚ್ಚಬ್ಯಾಡ ಅಕ್ಕಾ. ಹಚ್ಚಿದ್ರ ಜೋಡೀನ ಹಚ್ಚು. ಎಡದ್ದು ಎಡಕ, ಬಲದ್ದು ಬಲಕ."

"ಅಳತಿನೂ ಹಂಗ ಹೇಳಾಕತ್ತೈತಿ. ಅರ್ಧಕ್ಕಿಂತ ಹೆಚ್ಚು ಉಳದೈತಿ" ಎಂದಳು. ಅಳತೆಗೋಲನ್ನು ಕೆಳಗಿಟ್ಟು, "ನಿಂದರಸೂದು ಹಳೇದ ಹಾಕಬಾರದು ಅಂತ ನಾನ ಅಂದಿದ್ನಿ. ನೋಡದ ಅಂದಿದ್ನಿ, ಅಳೀದ ಅಂದಿದ್ನಿ" ಎಂದಳು. ನಾನು ಪಾನಾ ಎತ್ತಿಕೊಂಡೆ. ಅವಳು ಕೈ ಚಾಚಿದಳು. ಕೊಟ್ಟೆ.

"ನೀ ದೀಪಾ ಹಿಡಿ" ಎಂದಳು.

ಎರಡು ದಿನ ನಾನು ದೀಪ ಹಿಡಿದೆ. ಅಷ್ಟು ಹತ್ತಿರದಿಂದ ಅವಳ ಕೈಯನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಬೋಲ್ಟು ತಿರುಗಿಸುವ ಮುಂಚೆ ಬೆರಳಿನಿಂದ ಸುತ್ತ ಸವರುತ್ತಾಳೆ, ರಕ್ತನಾಳ ಹುಡುಕುವ ಹಾಗೆ. ಅವಸರ ಎಂಬುದೇ ಇಲ್ಲ. ಮೂವತ್ತೈದು ವರ್ಷದಲ್ಲಿ ನಾನು ಎಷ್ಟೋ ಫಿಟ್ಟರುಗಳನ್ನು ಕಂಡಿದ್ದೇನೆ, ಇಂಥ ಕೈ ಕಂಡಿಲ್ಲ. ಇದು ನಮ್ಮ ಮನೆಯಲ್ಲೇ ಇತ್ತು, ಕಂಡಿಕೆ ಸುತ್ತುತ್ತಿತ್ತು.

ಸೋಮವಾರ ಗ್ಯಾರೇಜಿನ ಮುಂದಿನ ಚಿಕ್ಕ ಜಾಗದಲ್ಲೇ ಹಿಂದೆ ಮುಂದೆ ಮಾಡಿ ಎಷ್ಟೋ ಸಲ ನಿಲ್ಲಿಸಿ ನೋಡಿದಳು. ಪ್ರತಿ ಸಲವೂ ನಿಂತಿತು.

ಮಂಗಳವಾರ, ತಪಾಸಣೆ

ತಪಾಸಣೆಯ ಮನುಷ್ಯ ನೀಲಿ ಅಂಗಿಯ ಸಾವಕಾಶದ ಮನುಷ್ಯ. ನಾಲ್ಕು ತಾಸು ನೋಡಿದ. ಚೂಪಾದ ಅಂಚು ಇದೆಯೇ ಎಂದು ಒಂದು ಚೆಂಡನ್ನು ಮೈಯೆಲ್ಲ ಒತ್ತಿ ಒತ್ತಿ ನೋಡಿದ, ಕನ್ನಡಿ ಅಳೆದ, ಕೆಳಗೆ ನುಗ್ಗಿದ. ಒಬ್ಬ ಮುದುಕಿ ಮನೆಯಲ್ಲಿ ಮಾಡಿದ ಕಾರಿಗೆ ಒಂದು ಸರ್ಕಾರ ಇಷ್ಟು ಗಮನ ಕೊಡುವುದನ್ನು ನೋಡುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕೊನೆಗೆ ಬ್ರೇಕು. ನೆಲದಲ್ಲಿ ತಿರುಗುವ ಉರುಳೆಗಳ ಮೇಲೆ ಗಾಲಿ ನಿಲ್ಲಿಸುವ ಮುಂಚೆ ಅವನು ಬಗ್ಗಿ ನೋಡಿ ಹುಬ್ಬೇರಿಸಿದ. ಹೊಸ ಕಾರಿಗೆ ಹಳೆಯ ಬ್ರೇಕು. ಅಕ್ಕ ಅಳತೆ ಬರೆದ ಹಾಳೆ ಕೊಟ್ಟಳು. ಓದಿ, ತಲೆ ಎತ್ತಿ ನನ್ನ ಕಡೆ ತಿರುಗಿ ಏನೋ ಕೇಳಿದ. ನನಗೆ 'ಯು' ಮತ್ತು 'ಬ್ರೇಕ್' ಎರಡೇ ತಿಳಿದವು, ಅಷ್ಟು ಸಾಕಾಯಿತು.

"ನೋ ನೋ. ಶೀ ಫಿಟ್ಟರ್" ಎಂದು ಅಕ್ಕನನ್ನು ತೋರಿಸಿದೆ. "ಐ ಓನ್ಲಿ ಲ್ಯಾಂಪ್."

ಅವನಿಗೆ ತಿಳಿಯಲಿಲ್ಲ. ಅಕ್ಕ ಬಿಡಿಸಿ ಹೇಳಲು ಹೋದವಳು ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. ಶುಕ್ರವಾರದಿಂದ ನಾನು ಕಾದಿದ್ದ ನಗು ಅದು.

ಉರುಳೆ ತಿರುಗಿತು, ಪರದೆಯ ಮೇಲೆ ಎಡದ ಮುಳ್ಳೂ ಬಲದ ಮುಳ್ಳೂ ಸಮಸಮನಾಗಿ ಏರಿದವು. ಹಿಂದಿನವೂ ಹಾಗೆಯೇ. ಅವನು ಹಾಳೆಗೆ ಸಹಿ ಹಾಕಿ ಅಕ್ಕನ ಕೈ ಕುಲುಕಿದ.

ತಪಾಸಣೆಗೆ ಓಡಿಸಿಕೊಂಡು ಬರಲು, ಮುಗಿದ ಮೇಲೆ ನೇರ ಮನೆಗೆ ಹೋಗಲು ಮಾತ್ರ ಕಾನೂನಿನಲ್ಲಿ ಅನುಮತಿ ಇದೆಯಂತೆ. ಹೊರಟೆವು. ಸೂರಿಲ್ಲದ ಕಾರು, ಕಿವಿಗೆ ಗಾಳಿ, ಎರಡೂ ಕಡೆ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಅಕ್ಕ ಜೋರಾಗಿ ಓಡಿಸುತ್ತಾಳೆ. ಹೆದರಿಕೆಯಾಯಿತು, ಸಂತೋಷವೂ ಆಯಿತು. ಹಿಂದಿನ ಕಾರಿನವರು ದಾಟಿ ಹೋಗುವಾಗ ಕೈ ಬೀಸಿದರು. ನಾನು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ.

ನಮ್ಮ ಓಣಿಯ ತಲೆಗೆ ಬಂದಾಗ ಅಕ್ಕ ಕಾರು ನಿಧಾನ ಮಾಡಿದಳು. ಕೆಳಗೆ ಕೀತ್ ನಿಂತಿದ್ದ, ಕೈಯಲ್ಲಿ ಚಹಾದ ಕಪ್ಪು. ನಮ್ಮನ್ನು ನೋಡಿ ಅವನು ಕಪ್ಪನ್ನು ಗೇಟಿನ ಮೇಲಿಟ್ಟು, ಒಳಗಿದ್ದ ಕಸದ ಡಬ್ಬಿಯನ್ನು ಎಳೆದು ತಂದು, ಶುಕ್ರವಾರ ಅದು ಎಲ್ಲಿತ್ತೋ ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತುಕೊಂಡ.

"ಏನ್ ಮನಷ್ಯಾ ಇಂವಾ" ಎಂದಳು ಅಕ್ಕ. "ಬಿಡ್ಲೇನೋ ಈರ್ಯಾ?"

"ಬಿಡು" ಎಂದೆ.

ಅವಳು ಬಿಟ್ಟಳು. ಗ್ಯಾರೇಜು ಹಿಂದೆ ಹೋಯಿತು, ಬೇಲಿ ದೊಡ್ಡದಾಗುತ್ತ ಬಂತು. ಕೀತ್ ಅಲ್ಲಾಡಲಿಲ್ಲ. ನಾನೂ ಏನನ್ನೂ ಹಿಡಿದುಕೊಳ್ಳಲಿಲ್ಲ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಕ್ಕ ಬ್ರೇಕ್ ಒತ್ತಿದಳು. ಇಳಿದು ನೋಡಿದಾಗ ಕಾರಿಗೂ ಡಬ್ಬಿಗೂ ನಡುವೆ ಒಂದು ಗೇಣು ಜಾಗವಿತ್ತು.